ಉಡುಪಿ ಸೀಮೆಯ ಕೀಟವಿದ್ಯೆ: ಗ್ರಂಥ, ಮದ್ದು, ಪ್ರಯೋಗಶಾಲೆ

ಉಡುಪಿ, ಮಣಿಪಾಲ, ಕಾಪು, ಕಾರ್ಕಳಗಳನ್ನು ಒಳಗೊಂಡ ಕರಾವಳಿ ಸೀಮೆಯಲ್ಲಿ ಹುಳುಹುಪ್ಪಟೆಗಳ ತಿಳಿವಳಿಕೆ ಒಂದೇ ಶಾಸ್ತ್ರವಾಗಿ ಬೆಳೆದು ಬಂದದ್ದಲ್ಲ. ಕಾರ್ಕಳದ ಜೈನ ಪರಂಪರೆಯಲ್ಲಿ ಅದು ಅಹಿಂಸೆಯ ಒಂದು ಭಾಗ. ಆಯುರ್ವೇದದಲ್ಲಿ ಅದು ಅಗದತಂತ್ರದ, ಅಂದರೆ ವಿಷಚಿಕಿತ್ಸೆಯ ಭಾಗ. ತುಳು, ಕನ್ನಡ ಮಾತಾಡುವ ಕೃಷಿಕರಿಗೆ ಅದು ಗದ್ದೆ, ತೋಟ, ಜೇನುಪೆಟ್ಟಿಗೆಯ ಕೆಲಸಕ್ಕೆ ಅಂಟಿಕೊಂಡ ವಿಷಯ. ಮಣಿಪಾಲದಲ್ಲಿ ಅದು ಆಧುನಿಕ ವೈದ್ಯವಿಜ್ಞಾನದ ಸೊತ್ತು.

ಈ ನಾಲ್ಕೂ ಇರುವುದು ಒಂದು ಗಂಟೆಯ ಬಸ್ ಪ್ರಯಾಣದ ಆಸುಪಾಸಿನಲ್ಲಿ. ಆದರೂ ಒಂದರ ಮಾತು ಇನ್ನೊಂದಕ್ಕೆ ಸರಿಯಾಗಿ ತಲುಪಿಲ್ಲ. ಗ್ರಂಥದಲ್ಲಿ ಹೆಸರಿದೆ, ಗದ್ದೆಯಲ್ಲಿ ಹುಳವಿದೆ. ಈ ಹೆಸರು ಆ ಹುಳದ್ದೇ ಎಂದು ಕೂಡಿಸಿ ಹೇಳುವ ಕೆಲಸ ಬಹಳಷ್ಟು ಬಾಕಿ ಉಳಿದಿದೆ. ಚೀನಾದ ಔಷಧ ಗ್ರಂಥಕಾರರು ಈ ಕೆಲಸವನ್ನು ಶತಮಾನಗಳ ಉದ್ದಕ್ಕೂ ಮಾಡುತ್ತ ಬಂದರು. ಹಿಂದಿನವರು ಬರೆದದ್ದನ್ನು ಮುಂದಿನವರು ಕಣ್ಣಾರೆ ನೋಡಿ ತಿದ್ದಿದರು. ಲೀ ಶಿಝೆನ್ 1578ರಲ್ಲಿ ಬರೆದು ಮುಗಿಸಿದ, 1596ರಲ್ಲಿ ನಾನ್‌ಜಿಂಗ್‌ನಲ್ಲಿ ಅಚ್ಚಾದ ‘ಬೆನ್‌ಚಾವ್ ಗಾಂಗ್‌ಮು’ ಆ ಪರಂಪರೆಯ ದೊಡ್ಡ ಫಲ. ಅದರಲ್ಲಿ ವಿವರಿಸಿದ ಮದ್ದಿನ ವಸ್ತುಗಳು 1,892. ಕೀಟಗಳಿಗೆಂದೇ ಪ್ರತ್ಯೇಕ ವಿಭಾಗವೂ ಇದೆ. ನಮ್ಮ ಸೀಮೆಯ ಕೀಟಜ್ಞಾನವನ್ನು ಅಳೆಯಲು ಈ ಹೋಲಿಕೆ ಅಲ್ಲಲ್ಲಿ ನೆರವಿಗೆ ಬರುತ್ತದೆ.

ಇಂದ್ರಿಯಗಳ ಲೆಕ್ಕ

ಕಾರ್ಕಳದ ಗೊಮ್ಮಟ ಮೂರ್ತಿಯನ್ನು ವೀರಪಾಂಡ್ಯ 1432ರಲ್ಲಿ ನಿಲ್ಲಿಸಿದ. ಅದರ ಎದುರಿನ ಚತುರ್ಮುಖ ಬಸದಿ 1586ರದ್ದು. ಈ ಊರಿನ ಜೈನರು ಪಾಠ ಮಾಡಿಕೊಂಡು ಬಂದ ಶಾಸ್ತ್ರಗಳಲ್ಲಿ ಉಮಾಸ್ವಾಮಿಯ ತತ್ತ್ವಾರ್ಥಸೂತ್ರ ಮುಖ್ಯವಾದದ್ದು. ಜೀವಿಗಳನ್ನು ಎಷ್ಟು ಇಂದ್ರಿಯಗಳಿವೆ ಎಂಬುದರ ಮೇಲೆ ಅದು ವಿಂಗಡಿಸುತ್ತದೆ. ಗಿಡಮರಗಳಿಗೆ ಸ್ಪರ್ಶ ಒಂದೇ. ಹುಳು, ಜಿಗಣೆ, ಶಂಖದ ಹುಳುಗಳಿಗೆ ಸ್ಪರ್ಶದ ಜೊತೆ ರುಚಿ. ಇರುವೆ, ಹೇನು, ತಿಗಣೆಗಳಿಗೆ ಇವೆರಡರ ಮೇಲೆ ವಾಸನೆ. ಜೇನುನೊಣ, ನೊಣ, ಸೊಳ್ಳೆ, ಪತಂಗಗಳಿಗೆ ಕಣ್ಣೂ ಸೇರಿ ನಾಲ್ಕು. ಕಿವಿ ಸೇರುವುದು ಐದನೆಯ ಮೆಟ್ಟಿಲಿನಲ್ಲಿ, ಪಶುಪಕ್ಷಿ ಮನುಷ್ಯರಿಗೆ.

ಇಂದಿನ ಜೀವಶಾಸ್ತ್ರದ ಎದುರು ಇಟ್ಟು ನೋಡಿದರೆ ಈ ಲೆಕ್ಕದಲ್ಲಿ ಸರಿಯೂ ಇದೆ, ತಪ್ಪೂ ಇದೆ. ಹೆಚ್ಚಿನ ಇರುವೆಗಳಿಗೆ ಕಣ್ಣುಗಳಿವೆ. ಸೊಳ್ಳೆಗೆ ಮೀಸೆಯ ಬುಡದಲ್ಲಿ ಶ್ರವಣೇಂದ್ರಿಯ ಇದೆ. ಗಂಡು ಸೊಳ್ಳೆ ಹೆಣ್ಣಿನ ರೆಕ್ಕೆಯ ಸದ್ದನ್ನು ಅದರಿಂದಲೇ ಹಿಡಿಯುತ್ತದೆ. ಆದರೆ ಇರುವೆಯ ಬದುಕು ನಡೆಯುವುದು ಮುಖ್ಯವಾಗಿ ವಾಸನೆಯ ಮೇಲೆ ಎಂಬುದನ್ನು ಆ ವಿಂಗಡಣೆ ಚೆನ್ನಾಗಿ ಹಿಡಿದಿದೆ. ಅದಕ್ಕಿಂತ ಮುಖ್ಯವಾದದ್ದು ವಿಂಗಡಣೆಯ ಉದ್ದೇಶ. ಯಾವ ಜೀವಿಗೆ ಎಷ್ಟು ನೋವಾಗುತ್ತದೆ, ಯಾವುದನ್ನು ನೋಯಿಸಿದರೆ ಎಷ್ಟು ದೋಷ ಎಂದು ತಿಳಿಯುವುದಕ್ಕಾಗಿ ಹುಟ್ಟಿದ ಕೀಟ ವರ್ಗೀಕರಣ ಇದು. ಪ್ರಪಂಚದ ಬೇರೆ ಕಡೆಗಳಲ್ಲಿ ಇಷ್ಟು ಗಂಭೀರವಾಗಿ ಈ ಪ್ರಶ್ನೆಯನ್ನು ಕೇಳಿಕೊಂಡವರು ಕಡಿಮೆ.

ಇದರ ಪರಿಣಾಮ ಅಡುಗೆಮನೆಯಲ್ಲೇ ಕಾಣುತ್ತದೆ. ದಿಗಂಬರ ಶ್ರಾವಕರಿಗೆ ಹೇಳಿದ ಮೂಲಗುಣಗಳಲ್ಲಿ ಮದ್ಯ, ಮಾಂಸ, ಜೇನನ್ನು ಬಿಡುವುದರ ಜೊತೆಗೆ ಅತ್ತಿ, ಆಲ, ಅರಳಿ ಮುಂತಾದ ಐದು ಹಣ್ಣುಗಳನ್ನು ಬಿಡುವುದೂ ಸೇರಿದೆ. ಆ ಹಣ್ಣುಗಳ ಒಳಗೆ ಜೀವಿಗಳಿರುತ್ತವೆ ಎಂಬುದು ಕಾರಣ. ಇದು ಊಹೆಯ ಮಾತಲ್ಲ. ಅತ್ತಿಯ ಜಾತಿಯ ಮರಗಳಿಗೆ ಪರಾಗ ಮುಟ್ಟಿಸುವುದು ಸಾಸಿವೆಗಿಂತ ಚಿಕ್ಕದಾದ ಒಂದು ಕಣಜ. ಹೆಣ್ಣು ಕಣಜ ಎಳೆಯ ಕಾಯಿಯ ಕಣ್ಣಿನಿಂದ ಒಳಹೊಕ್ಕು ಮೊಟ್ಟೆಯಿಟ್ಟು ಅಲ್ಲೇ ಸಾಯುತ್ತದೆ. ಮರಿಗಳು ಬೆಳೆಯುವುದೂ ಕಾಯಿಯ ಒಳಗೇ. ಅತ್ತಿಹಣ್ಣನ್ನು ಬಿಡಿಸಿ ನೋಡಿದ ಎಲ್ಲರಿಗೂ ಇದು ಗೊತ್ತು. ಹಾಗೆ ನೋಡಿ ತಿಳಿದದ್ದನ್ನು ನಿಯಮವನ್ನಾಗಿ ಮಾಡಿದ್ದು ಈ ಪರಂಪರೆಯ ಹೆಚ್ಚುಗಾರಿಕೆ. ರಾತ್ರಿ ಊಟ ಕೂಡದು ಎಂಬ ನಿಯಮವೂ ಹಾಗೆಯೇ: ಮಳೆಗಾಲದಲ್ಲಿ ದೀಪಕ್ಕೆ ಮುತ್ತುವ ಹುಳಗಳು ಬೀಳುವುದು ಊಟದ ತಟ್ಟೆಗೇ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಈ ಸೀಮೆಯಲ್ಲಿ ಮುನಿಗಳು ನಾಲ್ಕು ತಿಂಗಳು ಒಂದೆಡೆ ನಿಲ್ಲುವ ಕ್ರಮಕ್ಕೆ ಕಾರಣ ಕೇಳಬೇಕಾಗಿಯೇ ಇಲ್ಲ; ಮೊದಲ ಮಳೆಗೆ ನೆಲವೇ ಎದ್ದು ಹರಿದಾಡುತ್ತದೆ.

ಈ ನಿಲುವು ವೈದ್ಯದ ಒಳಕ್ಕೂ ಬಂತು. ರಾಷ್ಟ್ರಕೂಟರ ಕಾಲದಲ್ಲಿ, 9ನೆಯ ಶತಮಾನದಲ್ಲಿ, ಉಗ್ರಾದಿತ್ಯ ಸಂಸ್ಕೃತದಲ್ಲಿ ಬರೆದ ‘ಕಲ್ಯಾಣಕಾರಕ’ ಮದ್ಯ, ಮಾಂಸ, ಜೇನು ಮೂರನ್ನೂ ಬಿಟ್ಟು ಆಯುರ್ವೇದವನ್ನು ಕಟ್ಟಿತು. ಚೂರ್ಣ, ಲೇಹ್ಯಗಳಿಗೆಲ್ಲ ಜೇನೇ ಅನುಪಾನವಾಗಿರುವ ಶಾಸ್ತ್ರದಲ್ಲಿ ಜೇನನ್ನು ಬಿಟ್ಟು ನಡೆಯುವುದು ಸಣ್ಣ ಬದಲಾವಣೆಯಲ್ಲ. ಪೂಜ್ಯಪಾದರ ಇದೇ ಹೆಸರಿನ ಗ್ರಂಥವನ್ನು 12ನೆಯ ಶತಮಾನದಲ್ಲಿ ಜಗದ್ದಳ ಸೋಮನಾಥ ಕನ್ನಡಕ್ಕೆ ತಂದ.

ವಿಷದ ಲೆಕ್ಕ

ಸುಶ್ರುತ ಸಂಹಿತೆಯ ಕಲ್ಪಸ್ಥಾನದ 8ನೆಯ ಅಧ್ಯಾಯ ಕೀಟಗಳಿಗೆ ಮೀಸಲು. ಅಲ್ಲಿ ಕೀಟಗಳು ಕೆರಳಿಸುವ ದೋಷದ ಮೇಲೆ ಅವುಗಳ ವಿಂಗಡಣೆ: ವಾತವನ್ನು ಕೆರಳಿಸುವವು 18, ಪಿತ್ತವನ್ನು 24, ಕಫವನ್ನು 13, ಮೂರನ್ನೂ ಒಟ್ಟಿಗೆ ಕೆರಳಿಸುವವು 12; ಒಟ್ಟು 67. ಇವಲ್ಲದೆ ಚೇಳುಗಳಲ್ಲಿ 30 ಬಗೆ, ಜೇಡಗಳಲ್ಲಿ 16, ಶತಪದಿಗಳಲ್ಲಿ 8, ಇರುವೆಗಳಲ್ಲಿ 6, ನೊಣಗಳಲ್ಲಿ 6, ಸೊಳ್ಳೆಗಳಲ್ಲಿ 5. ಕಾಲೆಷ್ಟು, ರೆಕ್ಕೆಯೆಷ್ಟು ಎಂಬ ಪ್ರಶ್ನೆಯೇ ಇಲ್ಲ. ಕಚ್ಚಿದ ಮೇಲೆ ಮೈಗೆ ಏನಾಗುತ್ತದೆ ಎಂಬುದರಿಂದ ಕೀಟಕ್ಕೆ ಸ್ಥಾನ ಸಿಗುತ್ತದೆ. ವೈದ್ಯನ ಬಳಿಗೆ ಬರುವುದು ಕಚ್ಚಿಸಿಕೊಂಡ ಮನುಷ್ಯ. ಕಚ್ಚಿದ ಹುಳ ಎಷ್ಟೋ ಸಲ ಕಣ್ಣಿಗೇ ಬಿದ್ದಿರುವುದಿಲ್ಲ. ಆದ್ದರಿಂದ ಲಕ್ಷಣದಿಂದ ಹಿಮ್ಮುಖವಾಗಿ ನಡೆದು ಹುಳವನ್ನು ಊಹಿಸುವ ಈ ಕ್ರಮ ವೈದ್ಯನಿಗೆ ಸಹಜವೇ.

ಐದು ಸೊಳ್ಳೆಗಳಲ್ಲಿ ‘ಪಾರ್ವತೀಯ’ ಎಂಬುದು ಒಂದು. ಅದು ಕಚ್ಚಿದರೆ ಪ್ರಾಣಾಂತಿಕ ಕೀಟಗಳು ಕಚ್ಚಿದಂಥ ಲಕ್ಷಣಗಳು ಕಾಣುತ್ತವೆ ಎಂದು ಸುಶ್ರುತ ಹೇಳುತ್ತಾನೆ. ಪಶ್ಚಿಮ ಘಟ್ಟದ ತೊರೆಗಳಲ್ಲಿ ಹುಟ್ಟುವ ಅನಾಫಿಲಿಸ್ ಫ್ಲೂವಿಯಾಟಿಲಿಸ್ ಸೊಳ್ಳೆ ಮಲೇರಿಯಾ ಹರಡುತ್ತದೆ ಎಂದು ಬಲ್ಲವರಿಗೆ ಈ ಮಾತು ಥಟ್ಟನೆ ಹಿಡಿಸುತ್ತದೆ. ಆದರೆ ಸೊಳ್ಳೆಗೂ ಮಲೇರಿಯಾಕ್ಕೂ ಇರುವ ಸಂಬಂಧ ಸುಶ್ರುತನಿಗೆ ಗೊತ್ತಿತ್ತು ಎಂದು ಇಷ್ಟರಿಂದಲೇ ಹೇಳುವುದು ಸಾಹಸ. ಆ ಸಂಬಂಧವನ್ನು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆ ಸೀಳಿ ತೋರಿಸಿದ್ದು 1897ರಲ್ಲಿ. ಗ್ರಂಥವನ್ನು ಗೌರವಿಸುವುದೆಂದರೆ ಅದು ಹೇಳದ್ದನ್ನು ಅದರ ಬಾಯಿಗೆ ತುರುಕುವುದಲ್ಲ.

ಕನ್ನಡದಲ್ಲಿ ವಿಷವೈದ್ಯಕ್ಕೆ ದೊಡ್ಡ ಆಕರ ಮಂಗರಾಜನ ‘ಖಗೇಂದ್ರಮಣಿದರ್ಪಣ’. ವಿಜಯನಗರದ ಆರಂಭಕಾಲದ, ಸುಮಾರು 1360ರ ಈ ಜೈನ ಕವಿ ಹಾವು, ಇಲಿ, ಚೇಳುಗಳ ವಿಷವನ್ನೂ ಗಿಡಮೂಲಿಕೆಗಳ ವಿಷವನ್ನೂ ಅವುಗಳ ಮದ್ದನ್ನೂ ಪದ್ಯದಲ್ಲಿ ಕೊಟ್ಟಿದ್ದಾನೆ. 1942ರಲ್ಲಿ ಇದನ್ನು ಅಚ್ಚು ಹಾಕಿಸಿದ್ದು ಮದ್ರಾಸ್ ವಿಶ್ವವಿದ್ಯಾಲಯ. ಆಗ ಉಡುಪಿ, ಕಾರ್ಕಳ ಸೇರಿದ್ದ ದಕ್ಷಿಣ ಕನ್ನಡವೂ ಮದ್ರಾಸ್ ಪ್ರಾಂತದಲ್ಲೇ ಇತ್ತು. ಅದಕ್ಕೂ ಮುನ್ನ, 1025ರ ‘ಲೋಕೋಪಕಾರ’ದಲ್ಲಿ ಚಾವುಂಡರಾಯ ವೃಕ್ಷಾಯುರ್ವೇದ, ಅಡುಗೆ, ಪಶುವೈದ್ಯಗಳ ಸಾಲಿನಲ್ಲಿ ವಿಷವೈದ್ಯವನ್ನೂ ಸೇರಿಸಿದ್ದ.

ಈಗ ಈ ಶಾಸ್ತ್ರದ ಪಾಠ ನಡೆಯುವುದು ಮುಖ್ಯವಾಗಿ ಎರಡು ಕಡೆ: ಉಡುಪಿ ಕುತ್ಪಾಡಿಯ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಆಯುರ್ವೇದ ಕಾಲೇಜಿನಲ್ಲಿ ಮತ್ತು ಮಣಿಪಾಲದ ಮುನಿಯಾಲು ಆಯುರ್ವೇದ ಸಂಸ್ಥೆಯಲ್ಲಿ. ಕುತ್ಪಾಡಿಯ ಕಾಲೇಜಿನ ಮೂಲ 1958ರದ್ದು. ಅಗದತಂತ್ರದ ವಿದ್ಯಾರ್ಥಿ ಅಲ್ಲಿ ಕಲಿಯುವ ಮದ್ದುಗಳಲ್ಲಿ ಬಿಲ್ವಾದಿ ಗುಟಿಕೆ ಹೆಸರಾದದ್ದು. ವಾಗ್ಭಟನ ಅಷ್ಟಾಂಗಹೃದಯದಿಂದ ಬಂದ ಯೋಗ ಅದು. ಬಿಲ್ವದ ಬೇರು, ತುಳಸಿಯ ಹೂ, ಹೊಂಗೆಯ ಕಾಯಿ, ದೇವದಾರು, ತಗರ, ತ್ರಿಫಲ, ತ್ರಿಕಟು, ಅರಿಶಿನ, ಮರದರಿಶಿನಗಳನ್ನು ಆಡಿನ ಮೂತ್ರದಲ್ಲಿ ಅರೆದು ಮಾತ್ರೆ ಕಟ್ಟುತ್ತಾರೆ. ಹಾವು, ಜೇಡ, ಇಲಿ, ಚೇಳು ಕಚ್ಚಿದಾಗ ಕೊಡಬೇಕೆಂದು ಗ್ರಂಥ ಹೇಳುತ್ತದೆ. ಇವತ್ತು ಅದನ್ನು ಹೆಚ್ಚಾಗಿ ಬಳಸುವುದು ಹುಳ ಕಡಿದ ತುರಿಕೆ, ಹೊಟ್ಟೆಕೆಟ್ಟಂಥ ತೊಂದರೆಗಳಿಗೆ. ಹಾವು ಕಚ್ಚಿದವರನ್ನು ಆಸ್ಪತ್ರೆಗೆ ಒಯ್ದು ಪ್ರತಿವಿಷ ಕೊಡಿಸಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಚೇಳಿನ ವಿಷಯದಲ್ಲೂ ಹಾಗೆಯೇ. ನಮ್ಮದೇ ಕೊಂಕಣ ತೀರದ ಮೇಲ್ಗಡೆ, ಮಹಾರಾಷ್ಟ್ರದ ಮಹಾಡಿನಲ್ಲಿ, ಡಾ. ಹಿಮ್ಮತರಾವ್ ಬಾವಸ್ಕರ್ 1980ರ ದಶಕದಲ್ಲಿ ಕೆಂಪು ಚೇಳು ಕಚ್ಚಿದವರಿಗೆ ಪ್ರಜೋಸಿನ್ ಮಾತ್ರೆ ಕೊಟ್ಟು ಸಾವಿನ ಪ್ರಮಾಣವನ್ನು ಬಹಳ ಕೆಳಗಿಳಿಸಿದರು.

ಜೇಡದ ಮೇಲೆ ಬಂದ ಅಪವಾದ

ಮಳೆ ಕಡಿಮೆಯಾಗಿ ಗದ್ದೆಯಲ್ಲಿ ಪೈರು ನಿಂತಿರುವ ಹೊತ್ತಿನಲ್ಲಿ ಕಾಪು, ಕಟಪಾಡಿ ಕಡೆಯ ತಗ್ಗು ಬಯಲಿನ ಮನೆಗಳಲ್ಲಿ ಒಂದು ಚರ್ಮದ ತೊಂದರೆ ಕಾಣಿಸುವುದುಂಟು. ರಾತ್ರಿ ಚೆನ್ನಾಗಿ ಮಲಗಿದವರು ಒಂದೆರಡು ದಿನದೊಳಗೆ ಕುತ್ತಿಗೆಯ ಮೇಲೆ, ಮೊಣಕೈ ಮಡಿಕೆಯಲ್ಲಿ, ಕಣ್ಣಿನ ಸುತ್ತ ಉದ್ದಕ್ಕೆ ಎಳೆದಂಥ ಕೆಂಪು ಗೆರೆ ನೋಡುತ್ತಾರೆ. ಗೆರೆ ಉರಿಯುತ್ತದೆ, ಸಣ್ಣ ಸಣ್ಣ ಗುಳ್ಳೆ ಏಳುತ್ತದೆ, ಕೀವಿನಂತೆ ತುಂಬುತ್ತದೆ. ಮನೆಯ ಹಿರಿಯರು ‘ಹುಳ ಹರಿದದ್ದು’ ಎನ್ನುತ್ತಾರೆ. ಜೇಡ ಉಚ್ಚೆ ಹೊಯ್ದದ್ದು ಎನ್ನುವವರೂ ಇದ್ದಾರೆ. ಕೆಲವರು ಸರ್ಪಸುತ್ತು ಎಂದು ಹೆದರುತ್ತಾರೆ.

ಇದರ ಹಿಂದೆ ಹೆಚ್ಚಿನ ಸಲ ಇರುವುದು ಪೀಡರಸ್ ಎಂಬ ಜೀರುಂಡೆ ಜಾತಿಯ ಹುಳ. ಉದ್ದ ಒಂದು ಸೆಂಟಿಮೀಟರಿಗೂ ಕಡಿಮೆ. ತಲೆ ಕಪ್ಪು, ಎದೆ ಕಿತ್ತಳೆ, ನಡುವೆ ನೀಲಿ ಮಿರುಗುವ ಗಿಡ್ಡ ರೆಕ್ಕೆಪೊರೆ, ಹೊಟ್ಟೆ ಮತ್ತೆ ಕಿತ್ತಳೆ, ತುದಿ ಕಪ್ಪು. ಇರುವೆಯಂತೆ ಓಡುತ್ತದೆ, ಹೆದರಿದರೆ ಬಾಲ ಮೇಲೆತ್ತುತ್ತದೆ. ಕಚ್ಚುವುದೂ ಇಲ್ಲ, ಕುಟುಕುವುದೂ ಇಲ್ಲ. ದೀಪಕ್ಕೆ ಬಂದು ಮೈಮೇಲೆ ಬಿದ್ದಾಗ ನಿದ್ದೆಗಣ್ಣಿನಲ್ಲಿ ಒರೆಸಿ ಜಜ್ಜಿದರೆ ಅದರ ರಕ್ತದಲ್ಲಿರುವ ಪೀಡರಿನ್ ಎಂಬ ವಿಷ ಚರ್ಮಕ್ಕೆ ತಗಲುತ್ತದೆ. ಒರೆಸಿದ ದಾರಿಯುದ್ದಕ್ಕೂ ಗೆರೆ ಮೂಡುವುದು ಇದಕ್ಕೇ. ಮೊಣಕೈ ಮಡಿಕೆಯ ಒಂದು ಬದಿಯ ಗುಳ್ಳೆ ಮಡಚಿದಾಗ ಇನ್ನೊಂದು ಬದಿಗೂ ಅಚ್ಚಾಗುತ್ತದೆ. ಆ ವಿಷವನ್ನು ಮಾಡುವುದು ಹುಳದ ಮೈಯೊಳಗೆ ಬದುಕುವ ಬ್ಯಾಕ್ಟೀರಿಯಾ ಎಂದು ಈಚಿನ ಸಂಶೋಧನೆ ತೋರಿಸಿದೆ. ತಗಲಿದ ಕೂಡಲೇ ಸಾಬೂನು ನೀರಿನಲ್ಲಿ ತೊಳೆಯುವುದು, ಹುಳವನ್ನು ಜಜ್ಜದೆ ಊದಿ ಹಾರಿಸುವುದು, ರಾತ್ರಿ ಹಾಸಿಗೆಯ ಮೇಲೆ ಬೆಳಕು ಬೀಳದಂತೆ ನೋಡಿಕೊಳ್ಳುವುದು ಸಾಕು. ಭತ್ತದ ಜಿಗಿಹುಳಗಳನ್ನು ತಿನ್ನುವ ಈ ಹುಳ ಗದ್ದೆಯಲ್ಲಿ ರೈತನ ಮಿತ್ರ. ಅದನ್ನು ಕೊಲ್ಲಲು ವಿಷ ಹೊಡೆಯುವುದು ನಷ್ಟದ ಕೆಲಸ.

ಇನ್ನು ಸುಶ್ರುತನ ಲೂತಾವಿಷ, ಅಂದರೆ ಜೇಡದ ವಿಷದ ಭಾಗವನ್ನು ಓದಬೇಕು. ಜೇಡದ ವಿಷ ಏಳು ದಾರಿಯಲ್ಲಿ ಹರಡುತ್ತದಂತೆ: ಜೊಲ್ಲು, ಉಗುರು, ಮೂತ್ರ, ಹಲ್ಲು, ರಜಸ್ಸು, ಮಲ, ಶುಕ್ರ. ಕಚ್ಚದೆ ಬರಿದೇ ತಗಲಿದರೂ ವಿಷವೇರುತ್ತದೆ ಎಂಬ ತಿಳಿವಳಿಕೆ ಇಲ್ಲಿ ಸ್ಪಷ್ಟ. ಮೊದಲ ದಿನ ಗುರುತು ಕಷ್ಟ, ದಿನ ಕಳೆದಂತೆ ಲಕ್ಷಣಗಳು ಒಂದೊಂದಾಗಿ ಬಲಿಯುತ್ತವೆ ಎಂದೂ ಅಲ್ಲಿದೆ. ನಮ್ಮಲ್ಲಿ ಚರ್ಮ ಸುಡುವಷ್ಟು ವಿಷದ ಜೇಡಗಳು ಅಪರೂಪ. ತಗಲಿದ ಮಾತ್ರಕ್ಕೆ ಗುಳ್ಳೆ ಎಬ್ಬಿಸುವ ಹುಳ ಮಾತ್ರ ಪ್ರತಿ ವರ್ಷ ದೀಪಕ್ಕೆ ಬರುತ್ತದೆ. ಲೂತಾವಿಷದ ಹದಿನಾರು ಬಗೆಗಳಲ್ಲಿ ಕೆಲವಕ್ಕಾದರೂ ನಿಜವಾದ ಕಾರಣ ಈ ಜೀರುಂಡೆಯೇ ಇರಬಹುದು ಎಂಬುದು ಈ ಲೇಖಕರ ಅಭಿಪ್ರಾಯ. ಹಳಬರು ಕಂಡದ್ದು ಸರಿ. ಹಗಲು ಮೂಲೆಯಲ್ಲಿ ಕಾಣುವ ಜೇಡದ ಮೇಲೆ, ರಾತ್ರಿ ಬಂದು ಹೋದ ಹುಳದ ತಪ್ಪು ಬಿತ್ತು.

ಚೀನಾದಲ್ಲಿ ತಾಂಗ್ ಅರಸರ ಕಾಲದ ವೈದ್ಯ ಚೆನ್ ಜಾಂಗ್‌ಚಿ 739ರಲ್ಲೇ ‘ಚಿಂಗ್ ಯಾವ್ ಚೊಂಗ್’ ಎಂಬ ಹುಳವನ್ನು ಬರೆದಿಟ್ಟ. ಅದರ ತೀಕ್ಷ್ಣ ವಿಷದಿಂದ ಹಚ್ಚೆಯ ಗುರುತು ಅಳಿಸಬಹುದು, ಹುಳುಕಡ್ಡಿ ಕೊಲ್ಲಬಹುದು ಎಂದ. ಅದು ಪೀಡರಸ್ಸೇ ಎಂದು ಆಧುನಿಕ ಕೀಟಶಾಸ್ತ್ರಜ್ಞರು ಗುರುತಿಸುತ್ತಾರೆ. ಅಲ್ಲಿನ ವೈದ್ಯನಿಗೆ ಹುಳ ಮೊದಲು ಕಂಡಿತು, ಮದ್ದು ಆಮೇಲೆ ಬಂತು. ಇಲ್ಲಿ ಮೊದಲು ಕಂಡದ್ದು ರೋಗ. ಇಬ್ಬರ ಕೀಟವಿದ್ಯೆ ಬೇರೆ ಬೇರೆ ದಾರಿ ಹಿಡಿದದ್ದಕ್ಕೆ ಇಷ್ಟು ಹತ್ತಿರದ ಉದಾಹರಣೆ ಬೇರೊಂದಿಲ್ಲ.

ಗೂಡನ್ನು ಒಡೆದು ನೋಡಿದವನು

ಕಣಜ ಒಂದು ಹುಳವನ್ನು ಮಣ್ಣಿನ ಗೂಡಿಗೆ ತಂದು ಕೂಡಿಹಾಕಿ ಮೊರೆಯುತ್ತಿದ್ದರೆ ಆ ಹುಳ ಕಣಜದ ಧ್ಯಾನದಲ್ಲೇ ಕಣಜವಾಗಿಬಿಡುತ್ತದೆ ಎಂಬ ನಂಬಿಕೆ ನಮ್ಮ ಶಾಸ್ತ್ರ, ಪುರಾಣಗಳಲ್ಲಿ ಭ್ರಮರಕೀಟ ನ್ಯಾಯವಾಗಿ ಬಂದಿದೆ. ಭಾಗವತದಲ್ಲೂ ಇದೆ, ವೇದಾಂತ ಚರ್ಚೆಗಳಲ್ಲೂ ಇದೆ. ಉಡುಪಿಯಂಥ ವಾದಭೂಮಿಯಲ್ಲಿ ಇದನ್ನು ಕೇಳದ ವಿದ್ವಾಂಸನಿಲ್ಲ. ಅಲ್ಲಿ ಅದು ದೃಷ್ಟಾಂತ. ದೃಷ್ಟಾಂತದ ಹುಳವನ್ನು ಪರೀಕ್ಷಿಸುವುದು ವಾದಿಯ ಕೆಲಸವಾಗಿರಲಿಲ್ಲ.

ಚೀನಾದ ಪ್ರಾಚೀನ ಪದ್ಯಗಳಲ್ಲೂ ಹೀಗೆಯೇ ಕಣಜ ಹಸಿರು ಹುಳವನ್ನು ದತ್ತು ತೆಗೆದುಕೊಳ್ಳುತ್ತದೆ ಎಂಬ ಮಾತಿತ್ತು. ವೈದ್ಯ ತಾವ್ ಹಾಂಗ್‌ಜಿಂಗ್ (456–536) ಕಣಜದ ಗೂಡುಗಳನ್ನು ನೋಡಿ ಇದು ಸುಳ್ಳು ಎಂದ. ಕಣಜ ತಾನೇ ಮೊಟ್ಟೆಯಿಡುತ್ತದೆ, ತಂದ ಹುಳ ಅದರ ಮರಿಗೆ ಆಹಾರ ಎಂದು ಬರೆದ. ನಮ್ಮ ಕಿಟಕಿ ಚೌಕಟ್ಟಿನಲ್ಲಿ, ಗೋಡೆಯ ಸಂದಿನಲ್ಲಿ ಮಣ್ಣಿನ ಗೂಡು ಕಟ್ಟುವ ಕಣಜವನ್ನು ಮಕ್ಕಳಿಗೆ ತೋರಿಸಿ ಇದನ್ನು ಇವತ್ತೂ ಹೇಳಿಕೊಡಬಹುದು: ಗೂಡಿನೊಳಗಿನ ಹುಳ ಸತ್ತಿರುವುದಿಲ್ಲ, ಕೊಂಡಿಯ ವಿಷದಿಂದ ಅಲುಗಾಡದೆ ಬಿದ್ದಿರುತ್ತದೆ, ಮರಿಗೆ ಕೆಡದ ಊಟವಾಗಿ.

ಹುಳ ಮಾಡಿದ ಮದ್ದು

ಉಡುಪಿಯ ರಥಬೀದಿಯ ಸುತ್ತಮುತ್ತ, ಕಾರ್ಕಳದ ಪೇಟೆಯಲ್ಲಿ ಗ್ರಂಥಿಗೆ ಅಂಗಡಿಗಳಿವೆ. ಎಳೆಗೂಸಿಗೆ ತೇದು ನೆಕ್ಕಿಸುವ ಮದ್ದಿನ ಸಾಮಾನು ಕೇಳಿದರೆ ಬಜೆ, ಜಾಯಿಕಾಯಿ, ಅಳಲೆಕಾಯಿಗಳ ಜೊತೆಗೆ ಮಾಚಿಕಾಯಿಯನ್ನೂ ಕೊಡುತ್ತಾರೆ. ಗೋಲಿಯಷ್ಟು ದಪ್ಪ, ಮೈಯೆಲ್ಲ ಸಣ್ಣ ಗಂಟು, ಬೂದು ಬಣ್ಣ. ಕಲ್ಲಿನ ಮೇಲೆ ತೇದರೆ ಬಾಯಿ ಒಗರಾಗುವ ಮಡ್ಡಿ ಬರುತ್ತದೆ. ಕೆಲವು ಕಾಯಿಗಳಲ್ಲಿ ಸೂಜಿಮೊನೆಯಷ್ಟು ಒಂದು ತೂತು ಇರುತ್ತದೆ. ಹೆಸರಿಗೆ ಕಾಯಿಯಾದರೂ ಅದು ಕಾಯಲ್ಲ. ಪಶ್ಚಿಮ ಏಷ್ಯಾದ ಓಕ್ ಮರದ ಚಿಗುರಿಗೆ ಪುಟ್ಟ ಕಣಜವೊಂದು ಮೊಟ್ಟೆಯಿಟ್ಟಾಗ ಮರ ಅದರ ಸುತ್ತ ಬೆಳೆಸುವ ಗಂಟು. ಆ ತೂತು ಬೆಳೆದ ಕಣಜ ಹೊರಬಂದ ಬಾಗಿಲು. ಟ್ಯಾನಿನ್ ಹೇರಳವಾಗಿರುವುದರಿಂದ ಭೇದಿ ಕಟ್ಟುವ ಗುಣ ಅದಕ್ಕಿದೆ; ಹಸುಗೂಸಿಗೆ ಹೆಚ್ಚು ಕೊಡಬಾರದ್ದೂ ಅದಕ್ಕೇ.

ಕರ್ಕಟಕಶೃಂಗಿ, ಅಂದರೆ ಕೆಮ್ಮಿನ ಚೂರ್ಣಗಳಿಗೆ ಹಾಕುವ ಕೊಂಬಿನಾಕಾರದ ವಸ್ತು, ಇದೇ ರೀತಿ ಸಸ್ಯಹೇನು ಮಾಡಿಸಿದ ಗಂಟು. ನಮ್ಮ ನಿಘಂಟುಗಳು ಅದನ್ನು ಸಸ್ಯದ್ರವ್ಯಗಳ ನಡುವೆಯೇ ಇಟ್ಟವು. ಚೀನಾದಲ್ಲಿಯೂ ‘ವು ಬೆಯ್ ಜಿ’ ಎಂಬ ಇಂಥದೇ ಗಂಟನ್ನು ಹಿಂದಿನ ಗ್ರಂಥಗಳು ಗಿಡಮರಗಳ ಭಾಗದಲ್ಲಿ ಸೇರಿಸಿದ್ದವು. ಲೀ ಶಿಝೆನ್ ಅದನ್ನು ಎತ್ತಿ ಕೀಟಗಳ ವಿಭಾಗಕ್ಕೆ ತಂದ. ಒಳಗೆ ಹುಳವಿದ್ದು ಅದೇ ಗಂಟನ್ನು ಮಾಡಿಸುತ್ತದೆ ಎಂದು ಅವನಿಗೆ ತಿಳಿದಿತ್ತು. ಒಂದು ವಸ್ತುವನ್ನು ಒಂದು ಅಧ್ಯಾಯದಿಂದ ಇನ್ನೊಂದಕ್ಕೆ ಸರಿಸುವುದು ಚಿಕ್ಕ ಕೆಲಸದಂತೆ ಕಾಣುತ್ತದೆ. ವರ್ಗೀಕರಣದ ಇತಿಹಾಸದಲ್ಲಿ ನಿಜವಾದ ಮುನ್ನಡೆ ಹೀಗೆಯೇ ಆಗುವುದು.

ಅರಗು ಇನ್ನೊಂದು. ಮುತ್ತುಗ, ಸಾಗಡೆ, ಅರಳಿ ಮರಗಳ ಕೊಂಬೆಗೆ ಅಂಟಿಕೊಂಡು ರಸ ಹೀರುವ ಪುಟ್ಟ ಕೀಟಗಳು ಮೈಯ ಸುತ್ತ ಸ್ರವಿಸುವ ಅಂಟು ಅದು. ಮಕ್ಕಳ ಮೈಗೆ ಹಚ್ಚುವ ಲಾಕ್ಷಾದಿ ತೈಲ, ಮೂಳೆ ಮುರಿದವರಿಗೆ ಕೊಡುವ ಲಾಕ್ಷಾಗುಗ್ಗುಲು ಎರಡಕ್ಕೂ ಅದೇ ಆಧಾರ.

ಜೇನಿನಲ್ಲಿ ಸುಶ್ರುತ ಎಂಟು ಬಗೆ ಹೇಳುತ್ತಾನೆ, ಚರಕ ನಾಲ್ಕು. ಹೆಚ್ಚಿನವಕ್ಕೆ ಅದನ್ನು ಕೂಡಿಡುವ ನೊಣದ ಮೇಲೆ ಹೆಸರು. ನಮ್ಮ ಸೀಮೆಯವರು ಬಲ್ಲ ಜೇನೂ ನಾಲ್ಕು: ಬಂಡೆ, ಎತ್ತರದ ಮರಗಳಿಗೆ ಕಟ್ಟುವ ಹೆಜ್ಜೇನು, ಪೊಟರೆಯಲ್ಲೂ ಪೆಟ್ಟಿಗೆಯಲ್ಲೂ ನಿಲ್ಲುವ ತುಡುವೆ, ಪೊದೆಯ ಕಡ್ಡಿಗೆ ಒಂದೇ ಎರಿ ಕಟ್ಟುವ ಕೋಲುಜೇನು, ಗೋಡೆಯ ಸಂದಿನಲ್ಲಿ ಮೇಣದ ಕೊಳವೆ ಬಾಗಿಲು ಮಾಡಿಕೊಳ್ಳುವ ಕೊಂಡಿಯಿಲ್ಲದ ಮುಜಂಟಿ. ಮದ್ದಿಗೆ ಮುಜಂಟಿ ಜೇನೇ ಶ್ರೇಷ್ಠ ಎಂದು ಇಲ್ಲಿನವರ ಎಣಿಕೆ. ಸಿಗುವುದೂ ಬಹಳ ಕಡಿಮೆ. ಗ್ರಂಥದ ಹೆಸರುಗಳನ್ನು ಈ ನಾಲ್ಕಕ್ಕೆ ಹೊಂದಿಸುವ ಪ್ರಯತ್ನಗಳಲ್ಲಿ ಇನ್ನೂ ಒಮ್ಮತವಿಲ್ಲ. 1991–92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದ ತುಡುವೆ ಕುಟುಂಬಗಳನ್ನು ನಾಶ ಮಾಡಿದಾಗ ಕರಾವಳಿಯ ಜೇನು ಸಾಕಣೆ ನೆಲಕಚ್ಚಿತು. ಉಳಿದ ಕುಟುಂಬಗಳಿಂದ ಮತ್ತೆ ಪೆಟ್ಟಿಗೆ ತುಂಬಿಸಲು ಸಾಕಣೆದಾರರು ವರ್ಷಗಟ್ಟಲೆ ದುಡಿದರು.

ಗೇರುತೋಟಗಳಲ್ಲಿ ಎಲೆ ಹೊಲಿದು ಗೂಡು ಕಟ್ಟುವ ಕೆಂಪಿರುವೆ, ಮಲೆನಾಡಿನವರ ಚಗಳಿ, ಕೊಯ್ಲಿನವರಿಗೆ ಉಪದ್ರವ. ಗೇರಿನ ಚಿಗುರು ಹೀರುವ ಚಹಾ ಸೊಳ್ಳೆಯನ್ನು ಹಿಡಿದು ತಿನ್ನುವುದೂ ಅದೇ. ದಕ್ಷಿಣ ಚೀನಾದಲ್ಲಿ ಈ ಇರುವೆಯ ಗೂಡುಗಳನ್ನು ಪೇಟೆಯಲ್ಲಿ ಮಾರುತ್ತಿದ್ದರು, ಕಿತ್ತಳೆ ತೋಟದವರು ಕೊಂಡು ಮರಕ್ಕೆ ಕಟ್ಟುತ್ತಿದ್ದರು ಎಂದು 304ರದ್ದೆನ್ನುವ, ಜಿ ಹಾನ್ ಹೆಸರಿನ ಗ್ರಂಥದಲ್ಲಿದೆ. ಕೀಟದಿಂದ ಕೀಟವನ್ನು ಹತೋಟಿಯಲ್ಲಿಟ್ಟ ಅತಿ ಹಳೆಯ ದಾಖಲೆಗಳಲ್ಲಿ ಅದೊಂದು.

ಈಶ್ವರಬಳ್ಳಿಯ ಎರಡು ಮುಖ

ಕಾರ್ಕಳದಿಂದ ಮೂಡುಬಿದಿರೆಗೆ ಹೋಗುವ ದಾರಿಯ ಬೆಳುವಾಯಿಯಲ್ಲಿ ಚಿಟ್ಟೆಗಳಿಗಾಗಿ ಬೆಳೆಸಿದ ಉದ್ಯಾನವಿದೆ. ಅಲ್ಲಿಗೂ ಸುತ್ತಲ ಕಾಡಿಗೂ ಬರುವ ಚಿಟ್ಟೆಗಳಲ್ಲಿ ದೊಡ್ಡದು ಸದರ್ನ್ ಬರ್ಡ್‌ವಿಂಗ್, ಕರ್ನಾಟಕದ ರಾಜ್ಯ ಚಿಟ್ಟೆ. ಕಪ್ಪು ಮೇಲ್ರೆಕ್ಕೆ, ಅರಿಶಿನ ಬಣ್ಣದ ಕೆಳರೆಕ್ಕೆ. ಅದು ಮೊಟ್ಟೆಯಿಡುವುದು ಈಶ್ವರಬಳ್ಳಿ ಮತ್ತು ಅದೇ ಕುಟುಂಬದ ಗಿಡಗಳ ಮೇಲೆ. ಮರಿಹುಳಗಳು ಎಲೆಯಲ್ಲಿರುವ ಅರಿಸ್ಟೊಲೋಕಿಕ್ ಆಮ್ಲವನ್ನು ಮೈಯಲ್ಲಿ ಕೂಡಿಟ್ಟುಕೊಳ್ಳುತ್ತವೆ. ಹಕ್ಕಿಗಳಿಗೆ ಅವು ರುಚಿಸುವುದಿಲ್ಲ.

ಇದೇ ಬಳ್ಳಿಯ ಬೇರು ನಾಟಿವೈದ್ಯರ ಕೈಯಲ್ಲಿ ಹಾವು, ಚೇಳಿನ ನಂಜಿಗೆ ಮದ್ದು. ಹೆಸರಿನಲ್ಲೇ ಈಶ್ವರನಿರುವ ಬಳ್ಳಿಯನ್ನು ಯಾರೂ ಅನುಮಾನಿಸಲಿಲ್ಲ. ಆದರೆ ಅದರ ಆಮ್ಲ ಮೂತ್ರಪಿಂಡವನ್ನು ನಿಧಾನವಾಗಿ ಹಾಳುಮಾಡುತ್ತದೆ, ಮೂತ್ರನಾಳದಲ್ಲಿ ಕ್ಯಾನ್ಸರ್ ತರುತ್ತದೆ. ಇದು ಜಗತ್ತಿಗೆ ಗೊತ್ತಾದದ್ದು ಚೀನಾದ ಮದ್ದಿನ ದಾರಿಯಿಂದ. ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ ತೂಕ ಇಳಿಸಲು ಚೀನೀ ಮೂಲಿಕೆಗಳ ಮಾತ್ರೆ ತೆಗೆದುಕೊಂಡ ಮಹಿಳೆಯರ ಮೂತ್ರಪಿಂಡಗಳು ಕೆಟ್ಟ ವಿಷಯವನ್ನು ವೈದ್ಯರು 1993ರಲ್ಲಿ ಪ್ರಕಟಿಸಿದರು. ಹಾಕಬೇಕಾಗಿದ್ದ ಮೂಲಿಕೆ ಸ್ಟೆಫಾನಿಯಾ. ಹಾಕಿದ್ದು ಈಶ್ವರಬಳ್ಳಿಯ ಬಂಧುವಾದ ಅರಿಸ್ಟೊಲೋಕಿಯಾ ಫಾಂಗ್‌ಚಿ. ಚೀನೀ ಹೆಸರುಗಳು ಹತ್ತಿರ ಹತ್ತಿರ ಇದ್ದುದರಿಂದ ಅದಲುಬದಲಾಗಿತ್ತು. ಸಾವಿರ ವರ್ಷ ಹೆಸರು ತಿದ್ದಿಕೊಂಡು ಬಂದ ಪರಂಪರೆಯಲ್ಲೂ ಹೀಗಾಯಿತು. ಈಗ ಅರಿಸ್ಟೊಲೋಕಿಕ್ ಆಮ್ಲ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಪಟ್ಟಿಯಲ್ಲಿ ಕ್ಯಾನ್ಸರ್‌ಕಾರಕವೆಂದು ಖಚಿತವಾದವುಗಳ ಗುಂಪಿನಲ್ಲಿದೆ. ಈಶ್ವರಬಳ್ಳಿಯನ್ನು ಹಿತ್ತಿಲಲ್ಲಿ ಬೆಳೆಸಿ ಚಿಟ್ಟೆಗೆ ಬಿಡಬೇಕು. ಬೇರನ್ನು ಕಷಾಯ ಮಾಡಿ ಕುಡಿಯಬಾರದು.

ಮಣಿಪಾಲದ ಹಣ್ಣುನೊಣ

ಡಾ. ಟಿ.ಎಂ.ಎ. ಪೈ 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜನ್ನು ಸ್ಥಾಪಿಸಿದ ಮೇಲೆ ಮಣಿಪಾಲ ವೈದ್ಯವಿದ್ಯೆಯ ಊರಾಯಿತು. ಆಯುರ್ವೇದದ ಪ್ರಾಚೀನ ಗ್ರಂಥಗಳಿಗೂ ಪ್ರಯೋಗಶಾಲೆಗೂ ಇಲ್ಲಿ ಸಂಬಂಧ ಬೆಳೆಸಿದವರು ಡಾ. ಎಂ.ಎಸ್. ವಲಿಯತ್ತಾನ್ (1934–2024). ಕೇರಳದ ಮಾವೇಲಿಕ್ಕರದಲ್ಲಿ ಹುಟ್ಟಿದ ಅವರು ಹೃದಯ ಶಸ್ತ್ರವೈದ್ಯರು; ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಭಾರತದ್ದೇ ಆದ ಹೃದಯ ಕವಾಟ ಮಾಡಿಸಿದವರು. ಮಣಿಪಾಲ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾಗಿ ಬಂದು ಇಲ್ಲಿಯೇ ನೆಲೆಸಿ, ಚರಕ, ಸುಶ್ರುತ, ವಾಗ್ಭಟರ ಕುರಿತು 2003, 2007, 2009ರಲ್ಲಿ ಮೂರು ದೊಡ್ಡ ಗ್ರಂಥಗಳನ್ನು ಇಂಗ್ಲಿಷಿನಲ್ಲಿ ಬರೆದರು. ಶಸ್ತ್ರ ಹಿಡಿದ ಕೈ ಸುಶ್ರುತನನ್ನು ಓದಿದ ರೀತಿಗೆ ಅವು ಸಾಕ್ಷಿ.

ಆಯುರ್ವೇದದ ತತ್ತ್ವಗಳನ್ನು ಇಂದಿನ ವಿಜ್ಞಾನದ ಕ್ರಮದಲ್ಲಿ ಪರೀಕ್ಷಿಸಬೇಕೆಂದು ಅವರು ಹಲವು ಸಂಸ್ಥೆಗಳನ್ನು ಕೂಡಿಸಿದ ಯೋಜನೆಯಲ್ಲಿ ಒಂದು ಕೀಟಕ್ಕೂ ಪಾತ್ರ ಬಂತು. ಕಾಶಿ ಹಿಂದೂ ವಿಶ್ವವಿದ್ಯಾಲಯದ ಎಸ್.ಸಿ. ಲಖೋಟಿಯಾ ಅವರ ಪ್ರಯೋಗಶಾಲೆಯಲ್ಲಿ ಡ್ರೊಸೊಫಿಲಾ ಹಣ್ಣುನೊಣಕ್ಕೆ ಆಮಲಕೀ ರಸಾಯನ, ರಸಸಿಂಧೂರಗಳನ್ನು ಆಹಾರದಲ್ಲಿ ಬೆರೆಸಿ ತಿನ್ನಿಸಿದರು. 2012, 2013ರಲ್ಲಿ ಪ್ರಕಟವಾದ ಫಲಿತಾಂಶಗಳಂತೆ, ಮನುಷ್ಯರ ಹಂಟಿಂಗ್ಟನ್, ಆಲ್ಝೈಮರ್ ರೋಗಗಳನ್ನು ಹೋಲುವ ಸ್ಥಿತಿ ತಂದಿಟ್ಟ ನೊಣಗಳಲ್ಲಿ ಈ ಮದ್ದುಗಳಿಂದ ನರನಾಶ ತಗ್ಗಿತು. ನೊಣದಲ್ಲಿ ಕಂಡದ್ದು ಮನುಷ್ಯನಲ್ಲೂ ಆಗುತ್ತದೆಂದು ಇದರಿಂದ ಹೇಳಲಾಗದು. ಆದರೆ ಕೆಲವೇ ವಾರ ಬದುಕುವ, ವಂಶವಾಹಿಗಳ ವಿವರವೆಲ್ಲ ಗೊತ್ತಿರುವ ಜೀವಿಯಲ್ಲಿ ರಸಾಯನದ ಗುಣ ಪರೀಕ್ಷೆಗೆ ಸಿಕ್ಕಿತು. ವಿಷವೈದ್ಯದಲ್ಲಿ ಶತ್ರುವಾಗಿಯೇ ಕಂಡ ನೊಣ ಇಲ್ಲಿ ಮದ್ದಿಗೆ ಸಾಕ್ಷಿ ಹೇಳಿತು.

ಮಣಿಪಾಲದ ಆಸ್ಪತ್ರೆಯಲ್ಲಿ ಕೀಟಗಳ ಇನ್ನೊಂದು ಲೆಕ್ಕವೂ ನಡೆಯುತ್ತದೆ, ಯಾವುದು ಯಾವ ರೋಗ ತರುತ್ತದೆ ಎಂಬ ಲೆಕ್ಕ. ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಾದ ಮಂಗನ ಕಾಯಿಲೆ ಹರಡುವುದು ಉಣ್ಣೆಯಿಂದ. 2019ರಲ್ಲಿ ಸಾಗರ ತಾಲ್ಲೂಕಿನಲ್ಲಿ ಅದು ಕೆರಳಿದಾಗ ಎಷ್ಟೋ ರೋಗಿಗಳು ಘಟ್ಟ ಇಳಿದು ಮಣಿಪಾಲಕ್ಕೆ ಬಂದರು. ಉಣ್ಣೆಗೆ ಎಂಟು ಕಾಲು, ಇಂದಿನ ಜೀವಶಾಸ್ತ್ರದ ಪ್ರಕಾರ ಅದು ಕೀಟವಲ್ಲ. ಸುಶ್ರುತ ಚೇಳು, ಜೇಡಗಳನ್ನು ಕೀಟಗಳ ಅಧ್ಯಾಯದಲ್ಲೇ ಇಟ್ಟಂತೆ ಆಸ್ಪತ್ರೆಯೂ ಕಾಲೆಣಿಸುವುದಿಲ್ಲ.

ಹೆಸರುಗಳ ದಾಖಲೆ

ತುಳುವಿನಲ್ಲಿ ಇರುವೆ ಪಿಜಿನ್, ಸೊಳ್ಳೆ ಉಮಿಲ್, ಚೇಳು ತೇಳ್, ಗೆದ್ದಲು ಉದಲ್, ಹುಳು ಪುರಿ. ಉಡುಪಿಯ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರ 1988ರಿಂದ 1997ರ ನಡುವೆ ಆರು ಸಂಪುಟಗಳಲ್ಲಿ ಹೊರತಂದ ತುಳು ನಿಘಂಟು, ಯು.ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ, ಜನರ ಬಾಯಿಯಿಂದ ಇಂಥ ಹೆಸರುಗಳನ್ನು ಕೂಡಿಹಾಕಿತು. ಕೋಟದ ಶಿವರಾಮ ಕಾರಂತರು ‘ವಿಜ್ಞಾನ ಪ್ರಪಂಚ’ದ ಸಂಪುಟಗಳಲ್ಲಿ (1959–64) ಜೀವಿಗಳ ಕುರಿತು ಕನ್ನಡದಲ್ಲೇ ಬರೆಯುವ ದಾರಿ ಹಾಕಿದರು. ಸಸ್ಯಗಳ ವಿಷಯದಲ್ಲಿ ಉಡುಪಿ ಪೂರ್ಣಪ್ರಜ್ಞ ಕಾಲೇಜಿನಲ್ಲಿದ್ದ ಕೆ. ಗೋಪಾಲಕೃಷ್ಣ ಭಟ್ಟರು ಬರೆದ ‘ಫ್ಲೋರಾ ಆಫ್ ಉಡುಪಿ’ (2003) ಇದೆ. ಈ ನೆಲದ ಗಿಡ ಯಾವುದೆಂದು ಅನುಮಾನ ಬಂದರೆ ತೆರೆದು ನೋಡಬಹುದು. ಕೀಟಗಳಿಗೂ ಅಂಥದೊಂದು ಗ್ರಂಥ ಬೇಕು. ವೈಜ್ಞಾನಿಕ ಹೆಸರು, ತುಳು ಮತ್ತು ಕನ್ನಡದ ಹೆಸರು, ಸಂಹಿತೆಗಳ ಹೆಸರು ಒಂದೇ ಸಾಲಿನಲ್ಲಿ ಸಿಗುವಂಥದು. ಸುಶ್ರುತನ ಆರು ಇರುವೆಗಳಲ್ಲಿ ‘ಸ್ಥೂಲಶೀರ್ಷಾ’, ದೊಡ್ಡ ತಲೆಯದು, ಯಾವುದು? ಐದು ಸೊಳ್ಳೆಗಳಲ್ಲಿ ‘ಸಾಮುದ್ರ’ ಮಲ್ಪೆ, ಕಾಪುವಿನ ಉಪ್ಪುನೀರಿನಲ್ಲಿ ಹುಟ್ಟುವುದೇ? ಲೂತಾವಿಷದ ಲಕ್ಷಣಗಳನ್ನು ಪೀಡರಸ್ ತಗಲಿದವರ ಚರ್ಮದೊಂದಿಗೆ ಸಾಲಾಗಿ ಇಟ್ಟು ನೋಡಿದರೆ ಎಷ್ಟು ಹೊಂದುತ್ತದೆ? ಅಗದತಂತ್ರದ ಅಧ್ಯಾಪಕರು, ಚರ್ಮರೋಗದ ವೈದ್ಯರು, ಗದ್ದೆಯ ಕೃಷಿಕರು ಒಟ್ಟು ಕೂತು ಮಾಡಬಹುದಾದ ಕೆಲಸ ಇದು. ಮೂವರೂ ಈ ಸೀಮೆಯಲ್ಲೇ ಇದ್ದಾರೆ.